ಹೊಸ ಘಾಗ್ರಾ ಹಳತಾದ ದೀಪಾವಳಿ

ಹೋದ ವಾರ ಸೊಸೆಯ ಜೊತೆ ವಾಶಿಯ ಬಟ್ಟೆ ಅಂಗಡಿಗೆ ಹೋಗಿದ್ದೆ. ಹಬ್ಬಕ್ಕೆ ಮೊಮ್ಮಗನಿಗೆ ಕುರ್ತಾ ಆಗಬೇಕಿತ್ತು. ಅಂಗಡಿಯ ಹುಡುಗಿ ಪ್ಲಾಸ್ಟಿಕ್ ಕವರ್ ಹರಿದು ಬಟ್ಟೆಯನ್ನು ನನ್ನ ಮುಂದೆ ಕೊಡವಿದಳು ನೋಡಿ, ಗಂಜಿ, ಬಣ್ಣ, ಗೋದಾಮಿನ ಧೂಳು ಎಲ್ಲ ಸೇರಿದ ಆ ಹೊಸ ಬಟ್ಟೆಯ ವಾಸನೆ ಸೀದಾ ಮೂಗಿಗೆ ಹೊಡೆಯಿತು. ಉಳಿದವರಿಗೆ ಆ ವಾಸನೆ ಅಂದರೆ ಹಬ್ಬ. ನಾನು ಮುಖ ತಿರುಗಿಸಿ ಸೆರಗಿನಿಂದ ಮೂಗು ಮುಚ್ಚಿಕೊಂಡೆ. "ಎಂತಾಯ್ತು ಅತ್ತೆ?" ಅಂತ ಸೊಸೆ ಕೇಳಿದಳು. "ಎಂತ ಇಲ್ಲ, ಈ ಏಸಿ ನನಗೆ ಆಗುವುದಿಲ್ಲ" ಅಂತ ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಏಸಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಈ ಮೊಮ್ಮಗ ಇನ್ನೂ ಸೊಸೆಯ ಹೊಟ್ಟೆಯಲ್ಲಿದ್ದ ವರ್ಷದ ದೀಪಾವಳಿ ನೆನಪಾಗಿತ್ತು.

ಆ ವರ್ಷ ಮಳೆ ಹೋಗುವ ಮನಸ್ಸೇ ಮಾಡಲಿಲ್ಲ. ನವರಾತ್ರಿಯ ಮಂಟಪಗಳ ಮೇಲೆಲ್ಲ ನೀಲಿ ಟಾರ್ಪಾಲು, ದಾಂಡಿಯಾ ಆಡುವವರ ಕಾಲಿಗೆಲ್ಲ ಕೆಸರು. ಮಳೆ ನಿಂತದ್ದೇ ತಡ, ಸೆಕೆ ಶುರುವಾಯಿತು. ಸಾನಪಾಡಾದ ನಮ್ಮ ಮನೆಯ ಕಿಟಕಿ ತೆರೆದರೆ ಒಂದು ದಿಕ್ಕಿನಿಂದ ಮಾರ್ಕೆಟ್ಟಿನ ಕೊಳೆತ ಈರುಳ್ಳಿ, ಇನ್ನೊಂದು ದಿಕ್ಕಿನಿಂದ ತುರ್ಭೆಯ ಫ್ಯಾಕ್ಟರಿಗಳ ಘಾಟು. ಮುಚ್ಚಿದರೆ ಬೆವರು. ನನ್ನ ಗಂಡನಿಗೆ ಸ್ಟೇಷನ್ ಹತ್ತಿರ ಒಂದು ವೆಜ್ ಹೋಟೆಲು ಉಂಟು. ಬೆಳಿಗ್ಗೆ ಹೋದವರು ಮಧ್ಯಾಹ್ನ ಊಟಕ್ಕೆ ಬಂದು ಹೋಗುವುದು. ಮಗ ಸೊಸೆ ಡೊಂಬಿವಿಲಿಯಲ್ಲಿ. ನನಗೆ ಕೆಲಸ ಅಂದರೆ ಶುಕ್ರವಾರದ ಭಜನೆ, ನಮ್ಮ ಕನ್ನಡ ಹೆಂಗಸರ ಮಂಡಳಿ, ಮತ್ತೆ ಯಾರ ಜೊತೆಗಾದರೂ ಜಗಳ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಮಂಡಳಿಯ ಅಧ್ಯಕ್ಷೆ ಪ್ರಭಾ ಆ ಸಲ ಒಂದು ಹೊಸ ವಿಚಾರ ತಂದಳು. ದೀಪಾವಳಿಗೆ ನಾವು ನಾವೇ ಉಡುಗೊರೆ ಕೊಟ್ಟುಕೊಳ್ಳುವುದು ಸಾಕು. ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಜೋರು ಕಾಯಿಲೆಯ ಮಕ್ಕಳಿದ್ದಾರೆ, ಒಬ್ಬೊಬ್ಬರ ಹತ್ತಿರ ಹೋಗಿ ಏನು ಬೇಕು ಅಂತ ಕೇಳಿ ಅದನ್ನೇ ತಂದು ಕೊಡುವ, ಅಂತ. ಕೈ ಎತ್ತಿದವರಲ್ಲಿ ನಾನೇ ಮೊದಲು.

ಮೊದಲ ದಿನವೇ ಫಜೀತಿ. ಹೋಟೆಲಿನ ಅಡುಗೆಭಟ್ಟರ ಹತ್ತಿರ ಮಾಡಿಸಿದ ಚಕ್ಕುಲಿ, ರವೆ ಉಂಡೆ ಎಲ್ಲ ಡಬ್ಬದಲ್ಲಿ ತುಂಬಿಸಿಕೊಂಡು ಹೋಗಿದ್ದೆವು. ಉಡುಪಿ ಕಡೆಯವರು ನಾವು, ತಿನ್ನಲು ಏನಾದರೂ ಕೈಯಲ್ಲಿ ಇಲ್ಲದೆ ಇನ್ನೊಬ್ಬರ ಬಾಗಿಲು ದಾಟಿ ಗೊತ್ತಿಲ್ಲ. ವಾರ್ಡಿನ ಬಾಗಿಲಲ್ಲೇ ಸಿಸ್ಟರ್ ಲಿಸ್ಸಿ ಕೈ ಅಡ್ಡ ಹಿಡಿದರು. ಮಲಯಾಳಿ, ಗಟ್ಟಿ ಹೆಂಗಸು. "ನೋ ಫುಡ್, ನೋ ಫೂಲ್, ನೋ ಟೆಡ್ಡಿ. ಸಿರ್ಫ್ ನಯಾ ಚೀಜ್, ಸೀಲ್‌ಪ್ಯಾಕ್" ಅಂದರು. ತಿಂಡಿ, ಹೂ, ಗೊಂಬೆ ಯಾವುದೂ ಬೇಡವಂತೆ. ಈ ಮಕ್ಕಳ ಮೈಯಲ್ಲಿ ರೋಗ ತಡೆದುಕೊಳ್ಳುವ ಶಕ್ತಿಯೇ ಇಲ್ಲ, ಹೊರಗಿನ ಒಂದು ಚೂರು ಕೊಳೆ ಸಾಕು ಜ್ವರ ಬರಲಿಕ್ಕೆ. ಹೊಸದಾಗಿರಬೇಕು, ಕವರ್ ಒಡೆದಿರಬಾರದು, ಅದು ಕಾನೂನು. ಪ್ರಭಾಳ ಮುಖ ಹುಳ್ಳಗಾಯಿತು. ಡಬ್ಬಗಳನ್ನು ವಾಚ್‌ಮನ್‌ಗಳು ಖಾಲಿ ಮಾಡಿದರು.

"ಇವಳು ನಿಮ್ಮ ಕನ್ನಡದವಳು ಆಂಟಿ" ಅಂತ ಸಿಸ್ಟರ್ ನನ್ನನ್ನು ಕಿಟಕಿ ಪಕ್ಕದ ಮಂಚಕ್ಕೆ ಕರೆದುಕೊಂಡು ಹೋದರು. ಎಂಟೊಂಬತ್ತು ವರ್ಷದ ಹುಡುಗಿ, ಬೋಳು ತಲೆ, ಮಾಸ್ಕಿನ ಮೇಲೆ ಎರಡು ದೊಡ್ಡ ಕಣ್ಣು. ಅಂಬಿಕಾ ಅಂತ ಹೆಸರು, ಕರೆಯುವುದು ಅಂಬು. ರಕ್ತದ ಕ್ಯಾನ್ಸರು, ಒಮ್ಮೆ ಗುಣವಾಗಿ ಮತ್ತೆ ಬಂದದ್ದು. ಅವಳ ಅಮ್ಮ ಮಾದೇವಿ ಮಂಚದ ಕಾಲಬುಡದಲ್ಲಿ ನೆಲದ ಮೇಲೆ ಕೂತಿದ್ದಳು. ಊರು ವಿಜಯಪುರದ ಆಚೆ ಒಂದು ಹಳ್ಳಿ. ಗಂಡ ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು, ಇರುವುದು ತುರ್ಭೆಯಲ್ಲಿ ಒಂದೇ ಕೋಣೆಯ ಖೋಲಿ. ಅಂಬು ಹುಟ್ಟಿದ್ದೂ ಅಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಎಲ್ಲ ಗೊತ್ತಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಇಲ್ಲ ಮರಾಠಿಯಲ್ಲಿ.

"ದೀಪಾವಳಿಗೆ ನಿನಗೆ ಎಂತ ಬೇಕು ಮಗಾ?"

ಅವಳು ಯೋಚಿಸಲೇ ಇಲ್ಲ. "ಘಾಗ್ರಾ. ಚಮಕ್‌ವಾಲಾ. ಗೋಲ್ ಗೋಲ್ ಫಿರನೇವಾಲಾ" ಅಂತ ಡ್ರಿಪ್ ಇಲ್ಲದ ಕೈಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು. ಮಿನುಗುವ, ಗರಗರ ತಿರುಗುವ ಲಂಗ ಬೇಕಂತೆ.

"ಬ್ಯಾಡ್ರಿ ಅಕ್ಕಾರ" ಅಂದಳು ಮಾದೇವಿ ಕೆಳಗಿನಿಂದ. "ಅರಬಿ ಬ್ಯಾಡ. ಚಿತ್ರದ ಪುಸ್ತಕ, ಬಣ್ಣ, ಏನಾರ ಕೊಡ್ರಿ. ಹೊಸಾ ಅರಬಿ ಮಾತ್ರ ಬ್ಯಾಡ್ರಿ."

ಅರಬಿ ಅಂದರೆ ಅವರ ಕಡೆ ಬಟ್ಟೆ. ಯಾಕೆ ಬೇಡ ಅಂದರೆ ಹರಕೆ. ಕಾಯಿಲೆ ಮತ್ತೆ ಬಂತು ಅಂತ ಡಾಕ್ಟರು ಹೇಳಿದ ದಿನ ಮಾದೇವಿ ಊರ ದ್ಯಾಮವ್ವನಿಗೆ ಹೇಳಿಕೊಂಡಿದ್ದಳಂತೆ: ಕೂಸನ್ನು ಉಳಿಸಿಕೊಡು, ಅದನ್ನು ಕರೆದುಕೊಂಡು ನಿನ್ನ ಮುಂದೆ ಬಂದು ನಿಲ್ಲುವ ತನಕ ಅದರ ಮೈಮೇಲಾಗಲಿ ನನ್ನ ಮೈಮೇಲಾಗಲಿ ಹೊಸ ನೂಲು ಬೀಳಗೊಡುವುದಿಲ್ಲ ಅಂತ. ಅವಳ ಸೀರೆ ನೋಡಿದೆ. ಅಂಚು ಹರಿದು ಹೊಲಿದಿತ್ತು.

ನನಗೆ ಪಿತ್ತ ನೆತ್ತಿಗೇರಿತು. "ಎಂಥ ಹರಕೆ ಮಾರಾಯ್ತಿ! ಹಬ್ಬದ ದಿನ ಮಗು ಒಂದು ಘಾಗ್ರಾ ಹಾಕಿದರೆ ಸಿಟ್ಟಾಗುವ ದೇವಿ ಉಂಟಾ? ಅವಳೂ ಒಬ್ಬಳು ತಾಯಿಯಲ್ಲವಾ?" ಅಂತ ಜೋರಾಗಿಯೇ ಹೇಳಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು.

ಮಾದೇವಿ ದನಿ ಏರಿಸಲಿಲ್ಲ. "ಆತ್ರಿ. ನಾ ಹರಕಿ ಮುರೀತೀನಿ. ನಾಳಿ ಕೂಸಿಗೆ ಏನಾರ ಆದ್ರ ನೀವು ಬಂದು ನಿಲ್ತೀರೇನು?"

ಅಂಬು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ಸಮಾಧಾನ ಮಾಡುವ ಅಂತ ನಾನು, "ಅಳಬೇಡ ಮಗಾ, ಗುಣವಾಗಿ ಮನೆಗೆ ಹೋಗು, ಮುಂದಿನ ದೀಪಾವಳಿಗೆ ಎರಡು ಘಾಗ್ರಾ ತರ್ತೇನೆ" ಅಂದೆ.

ಹೊರಡುವಾಗ ಸಿಸ್ಟರ್ ಲಿಸ್ಸಿ ಕೌಂಟರಿನ ಹತ್ತಿರ ನನ್ನ ಮೊಣಕೈ ಹಿಡಿದರು. "ಆಂಟಿ, ಅಗಲೀ ದಿವಾಲಿ ಮತ್ ಬೋಲನಾ ಉಸ್ಕೋ." ಅಷ್ಟೇ. ಮುಂದಿನ ದೀಪಾವಳಿಯ ಮಾತು ಆಡಬೇಡಿ ಅಂತ. ನನಗೆ ಅರ್ಥವಾಯಿತು. "ಅವಳ ಅಮ್ಮನಿಗೆ ಗೊತ್ತುಂಟಾ?" ಅಂತ ಕೇಳಿದೆ. "ಡಾಕ್ಟರ್ ಹೇಳಿದ್ದಾರೆ. ಅವಳು ಹೂಂ ಅಂದಳು. ಅದು ಎಷ್ಟು ಒಳಗೆ ಹೋಗಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ?" ಅಂದರು ಅವರು.

ಮನೆಗೆ ಬಂದರೆ ಊಟ ಸೇರಲಿಲ್ಲ. ಆ ಹೆಂಗಸು ದೇವಿಯ ಮಾತಿಗೆ ಜೋತುಬಿದ್ದಿದ್ದಾಳೆ, ಹುಡುಗಿ ಘಾಗ್ರಾಕ್ಕೆ. ಎರಡರಲ್ಲಿ ಯಾವುದನ್ನು ಬಿಡಿಸಲಿಕ್ಕೆ ನಾನು ಯಾರು? "ಬಣ್ಣದ ಪೆಟ್ಟಿಗೆ ಕೊಟ್ಟರಾಯಿತಪ್ಪ" ಅಂತ ಪ್ರಭಾ ಫೋನಿನಲ್ಲಿ ತೀರ್ಮಾನ ಕೊಟ್ಟಳು. ನಾನು ಫೋನ್ ಇಟ್ಟು ಸೀದಾ ಅಂಗಡಿಗೆ ಹೋದೆ. ಗಿಳಿಹಸಿರು ಬಣ್ಣ, ಕೆಂಪು ಅಂಚು, ತುಂಬ ಚಮಕಿ. ಅಂಬುವಿನ ಹೊಟ್ಟೆ ಬಾತುಕೊಂಡಿತ್ತು, ಇಲಾಸ್ಟಿಕ್ ಒತ್ತುತ್ತದೆ ಅಂತ ಲಾಡಿ ಇರುವ ಹಳೇ ಮಾದರಿಯದನ್ನೇ ಹುಡುಕಿ ತಂದೆ. ಲಾಡಿ ಸಡಿಲಿಸಿದರೆ ಸೊಂಟ ಎಷ್ಟು ಬೇಕಾದರೂ ಅಗಲವಾಗುವಂಥದ್ದು. ಮೇಲಿನ ಕುಪ್ಪಸ ಬೇಡ, ಎದೆಯಲ್ಲಿ ಔಷಧಿಯ ನಳಿಕೆ ಇದೆ ಅಂತ ಸಿಸ್ಟರ್ ಮೊದಲೇ ಹೇಳಿದ್ದರು.

ಮರುದಿನ ಹೋಗಿ ಕವರ್ ಸಮೇತ ಅಂಬುವಿನ ತೊಡೆಯ ಮೇಲಿಟ್ಟೆ. ಕೇಳಲಿಲ್ಲ, ಹೇಳಲಿಲ್ಲ. ಅಂಬು ಅಮ್ಮನ ಮುಖ ನೋಡಿದಳು, ಆಮೇಲೆ ಕವರಿನ ಮೇಲಿಂದಲೇ ಒಂದೊಂದು ಚಮಕಿಯನ್ನೂ ಬೆರಳಿನಿಂದ ಮುಟ್ಟುತ್ತಾ ಹೋದಳು. ತೆಗೆಯಿರಿ ಅಂತ ಕೇಳಲೂ ಇಲ್ಲ ಆ ಮಗು. ಮಾದೇವಿ ಆ ಬೆರಳನ್ನೇ ನೋಡುತ್ತಾ ಕೂತಿದ್ದಳು. ತುಂಬ ಹೊತ್ತಾದ ಮೇಲೆ ನನ್ನನ್ನು ಹೊರಗಿನ ಓಣಿಗೆ ಕರೆದಳು.

"ಒಂದು ದಾರಿ ಐತ್ರಿ. ಹೊಸಾದು ಅಂತಷ್ಟ ನಾ ಹೇಳ್ಕೊಂಡಿದ್ದು. ಯಾರಾರ ಒಂದು ದಿನ ಉಟ್ಟು, ನೀರಾಗ ಹಾಕಿ ತೆಗದ್ರ ಅದು ಹಳೇದಾಗ್ತದ. ಹಳೇದಕ್ಕ ದ್ಯಾಮವ್ವ ಏನೂ ಅನ್ನಂಗಿಲ್ಲ."

ನನಗೆ ಹೋದ ಜೀವ ಬಂತು. "ಅಷ್ಟೇನಾ! ನಮ್ಮ ಬಿಲ್ಡಿಂಗಿನಲ್ಲಿ ಅವಳದ್ದೇ ಅಳತೆಯ ಹುಡುಗಿಯರು ಬೇಕಾದಷ್ಟು..."

"ಅಯ್ಯ, ಕೂಸುಗಳ ಮೈಮ್ಯಾಲ ಬ್ಯಾಡ್ರಿ!" ಅಂತ ಅವಳು ನನ್ನ ಕೈ ಹಿಡಿದುಬಿಟ್ಟಳು. "ಹರಕಿ ಅರಬಿ ಅದು. ದ್ಯಾಮವ್ವನ ಸಿಟ್ಟು ಏನಾರ ಇದ್ರ ಅದು ಮೊದಲ ಉಟ್ಟವ್ರಿಗೆ ಹತ್ತತದ. ಇನ್ನೊಬ್ಬ್ರ ಕೂಸಿನ ಮ್ಯಾಲ ನಾ ಹೆಂಗ ಹಾಕ್ಲಿ? ದೊಡ್ಡವ್ರು, ಮಕ್ಕಳು ಮರಿ ಕಂಡ ಮುತ್ತೈದಿ ಯಾರಾರ ಉಡ್ಲಿ."

ಸಿಸ್ಟರ್ ಲಿಸ್ಸಿಯ ಹತ್ತಿರ ಹೋಗಿ ವಿಷಯ ಹೇಳಿದೆ. ಅವರ ಕಾನೂನಿಗೆ ಹೊಸದೇ ಆಗಬೇಕು, ಇವಳ ದೇವಿಗೆ ಹಳೆಯದೇ ಆಗಬೇಕು. ಸಿಸ್ಟರ್ ಹಣೆ ಒತ್ತಿಕೊಂಡರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕುದಿಯುವ ನೀರು, ಆಮೇಲೆ ಬಿಸಿ ಇಸ್ತ್ರಿ, ಆಮೇಲೆ ಹೊಸ ಕವರ್. ಮುಚ್ಚಿ ನನ್ನ ಕೈಗೆ ಕೊಡಿ. ಒಳಗೆ ಏನಿದೆ ಅಂತ ನಾನು ಕೇಳುವುದಿಲ್ಲ" ಅಂದರು.

ಘಾಗ್ರಾವನ್ನು ವಾಪಸು ತಂದು, ಶುಕ್ರವಾರ ಭಜನೆ ಮುಗಿದ ಮೇಲೆ ಮಂಡಳಿಯಲ್ಲಿ ಮಾತೆತ್ತಿದೆ. ಯಾರಾದರೂ ಒಂದು ದಿನ ಇದನ್ನು ಉಡುತ್ತೀರಾ? ಅಬ್ಬಬ್ಬಾ, ಆ ಮುಖಗಳನ್ನು ನೋಡಬೇಕಿತ್ತು! ಒಬ್ಬಳಿಗೆ ಸೊಂಟನೋವು, ಇನ್ನೊಬ್ಬಳ ಮನೆಯಲ್ಲಿ ಮದುವೆಯ ಮಾತು ನಡೆಯುತ್ತಾ ಉಂಟು. ಪ್ರಭಾ ನನ್ನನ್ನು ಬದಿಗೆ ಕರೆದು, "ನೀವೂ ಉಡಲಿಕ್ಕೆ ಹೋಗಬೇಡಿ. ಸೊಸೆಗೆ ಏಳು ತಿಂಗಳು, ನೆನಪುಂಟಲ್ಲ?" ಅಂದಳು. ನೆನಪಿಲ್ಲದೆ ಉಂಟಾ? ಓಣಿಯಲ್ಲಿ ಮಾದೇವಿ ನನ್ನ ಕೈ ಹಿಡಿದ ಗಳಿಗೆಯಿಂದ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಆದರೆ ಪ್ರಭಾಳ ಬಾಯಲ್ಲಿ ಕೇಳಿದ ಕೂಡಲೇ ಸಿಟ್ಟು ಬಂತು. ಉಡುಗೊರೆ ಕೊಡಲಿಕ್ಕೆ ಎಲ್ಲರೂ ಸೈ, ಅದರ ಜೊತೆ ಒಂದು ಚೂರು ಹೆದರಿಕೆ ಹೊರಲಿಕ್ಕೆ ಯಾರೂ ಇಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ನೈಟಿಯ ಮೇಲೆ ಆ ಘಾಗ್ರಾ ಕಟ್ಟಿಕೊಂಡೆ. ಮೊಣಕಾಲಿಗೆ ಬಂತು. "ಎಂತ ಇದ್ದರೂ ನನಗೇ ಇರಲಿ, ಡೊಂಬಿವಿಲಿಗೆ ಹೋಗುವುದು ಬೇಡ" ಅಂತ ದೇವರಿಗೆ ಹೇಳಿದೆ, ಯಾವ ದೇವರಿಗೆ ಅಂತ ಕೇಳಬೇಡಿ. ಆಮೇಲೆ ದಿನದ ಕೆಲಸ. ನೆಲ ಒರೆಸಿದೆ, ತೆಂಗಿನಕಾಯಿ ತುರಿದೆ, ಸಾರಿಗೆ ಒಗ್ಗರಣೆ ಹಾಕಿದೆ. ಬಗ್ಗಿದಾಗೆಲ್ಲ ಚಮಕಿ ಚರಪರ ಅನ್ನುತ್ತಿತ್ತು. ಊಟಕ್ಕೆ ಬಂದ ಗಂಡ ಬಾಗಿಲಲ್ಲೇ ನಿಂತರು. "ನಿಕ್ಕ್ ಮರ್ಲಾ?" ಅಂದರು. ಹುಚ್ಚಾ ನಿನಗೆ ಅಂತ. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ನಾನು ಅನ್ನ ಬಡಿಸುತ್ತಾ ಎಲ್ಲ ಹೇಳಿದೆ. ನಗು ನಿಂತಿತು. ಸೊಸೆಯ ವಿಷಯ ಅವರೂ ಎತ್ತಲಿಲ್ಲ. ತಟ್ಟೆ ಎತ್ತುವಾಗ, "ಸಂಜೆವರೆಗೆ ಇಟ್ಟುಕೋ, ಅರ್ಧಕ್ಕೆ ತೆಗೆಯಬೇಡ. ಆ ಹೆಂಗಸಿಗೆ ಸಂಶಯ ಉಳಿಯಬಾರದು" ಅಂದರು. ಹೊತ್ತು ಮುಳುಗುವ ತನಕ ಉಟ್ಟಿದ್ದೆ. ಎರಡು ಸಲ ಡೊಂಬಿವಿಲಿಗೆ ಫೋನ್ ಮಾಡಿ, ಸೊಸೆಗೆ ಮಗು ಒದೆಯುತ್ತಾ ಉಂಟಾ ಅಂತ ಸುಮ್ಮನೆ ಕೇಳುವ ಹಾಗೆ ಕೇಳಿದೆ. ಮರುದಿನ ಕುದಿಯುವ ನೀರಿನಲ್ಲಿ ಒಗೆದು, ಬಿಸಿ ಇಸ್ತ್ರಿ ಹಾಕಿ, ಹೊಸ ಕವರಿನಲ್ಲಿ ಮುಚ್ಚಿ ಸಿಸ್ಟರ್ ಕೈಗೆ ಕೊಟ್ಟೆ.

ನರಕಚತುರ್ದಶಿಯ ದಿನ ಮಂಡಳಿಯವರೆಲ್ಲ ವಾರ್ಡಿಗೆ ಹೋದೆವು. ನಮ್ಮವರಿಗೆ ಬ್ಯಾನರ್ ಇಲ್ಲದೆ, ಸ್ವಾಗತ ಭಾಷಣ ಇಲ್ಲದೆ ಒಂದು ಕೆಲಸ ಮಾಡಲಿಕ್ಕೆ ಬರುವುದಿಲ್ಲ. ಮಾಸ್ಕ್ ಹಾಕಿದ ಮಕ್ಕಳ ಮುಂದೆ ಪ್ರಭಾ ಮಾತಾಡಿದ್ದೇ ಮಾತಾಡಿದ್ದು. ನಾನು ಸಿಸ್ಟರ್ ಹತ್ತಿರದಿಂದ ಇಸಿದುಕೊಂಡು, ಕವರ್ ಒಡೆದು ಘಾಗ್ರಾವನ್ನು ಮೊದಲು ಮಾದೇವಿಯ ಕೈಗೆ ಕೊಟ್ಟೆ. ಅವಳು ಅದನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ. ಲಾಡಿಯ ಹತ್ತಿರ ನೆರಿಗೆ ಮುದುರಿದ್ದನ್ನು ಬೆರಳಿನಿಂದ ತಡವಿ ನೋಡಿದಳು. "ಇಡೀ ದಿನ ಉಟ್ಟಿದ್ರಿ?" "ಇಡೀ ದಿನ. ಅಡುಗೆಯೂ ಅದರಲ್ಲೇ." ಆದರೂ ಅವಳ ಕೈ ಮುಂದೆ ಹೋಗಲಿಲ್ಲ.

ಆಗ ಅಂಬು ಅಮ್ಮನ ಸೆರಗು ಹಿಡಿದು ಎಳೆದಳು. ಇಷ್ಟು ದಿನದಲ್ಲಿ ಅವಳ ಬಾಯಿಂದ ನಾನು ಕನ್ನಡ ಕೇಳಿದ್ದು ಅದೇ ಮೊದಲು. "ಅವ್ವಾ, ಇದು ಹಳೇದ ಐತಿ. ಆಜೀದು."

ಅಜ್ಜಿಯದು. ಅಜ್ಜಿ ಅಂದರೆ ನಾನು. ಮಾದೇವಿ ಅವಳನ್ನು ಎತ್ತಿ ನಿಲ್ಲಿಸಿ ಉಡಿಸಿದಳು, ಲಾಡಿಯನ್ನು ಹೊಟ್ಟೆಗೆ ತಾಗದ ಹಾಗೆ ಸಡಿಲವಾಗಿ ಕಟ್ಟಿದಳು. ಸಿಸ್ಟರ್ ಡ್ರಿಪ್ಪಿನ ಕಂಬ ಹಿಡಿದುಕೊಂಡರು. ಅಂಬು ಒಂದು ಸುತ್ತು ತಿರುಗಿದಳು, ನಿಧಾನಕ್ಕೆ. ಇನ್ನೊಂದು ಸುತ್ತಿಗೆ ತಲೆ ತಿರುಗಿ ನನ್ನ ಮೈಮೇಲೆ ಒರಗಿದಳು. ಮೈ ಬಿಸಿ ಇತ್ತು. "ಔರ್ ಏಕ್ ಬಾರ್" ಅಂದಳು, ಇನ್ನೊಂದು ಸಲ ಅಂತ. ಪ್ರಭಾ ಮಾಸ್ಕ್ ಕೆಳಗೆ ಮಾಡಿಸಿ ಫೋಟೋ ತೆಗೆದಳು. ಮಾದೇವಿಯನ್ನು ಯಾರೂ ಕೇಳಲಿಲ್ಲ.

ತುಳಸಿ ಪೂಜೆಗೆ ಮುಂಚೆ ಅಂಬು ಹೋದಳು. ಸಿಸ್ಟರ್ ಲಿಸ್ಸಿ ಫೋನ್ ಮಾಡಿ ಹೇಳಿದರು. ಡಾಕ್ಟರು ಹೇಳಿದ್ದಕ್ಕಿಂತ ಬೇಗ ಏನಲ್ಲ, ಅವರು ಹೇಳಿದ ಹೊತ್ತಿಗೇ, ಅಂದರು. ನನಗಾಗಿಯೇ ಅದನ್ನು ಸೇರಿಸಿ ಹೇಳಿದರು ಅಂತ ಗೊತ್ತಾಯಿತು. ಮಂಡಳಿಯಲ್ಲಿ ಒಬ್ಬಿಬ್ಬರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಏನು ಮಾತಾಡಿಕೊಂಡಿರುತ್ತಾರೆ ಅಂತ ನನಗೆ ಗೊತ್ತಿಲ್ಲವಾ? ಕ್ಯಾನ್ಸರಿಗೆ ಘಾಗ್ರಾ ಕಾರಣ ಅಲ್ಲ ಅಂತ ತಿಳಿಯದಷ್ಟು ಪೆದ್ದಿ ನಾನಲ್ಲ. ಆದರೂ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಉಡಿಸದಿದ್ದರೆ ಅನ್ನುವ ಒಂದು ಮಾತು ಬಂದು ಎದೆಯೊಳಗೆ ಕೂರುತ್ತಿತ್ತು. ಎಷ್ಟು ಬೈದರೂ ಎದ್ದು ಹೋಗುತ್ತಿರಲಿಲ್ಲ.

ಕೆಲವು ದಿನ ಕಳೆದು, ಒಂದು ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ಮಾದೇವಿ. ಹೋಟೆಲಿನಲ್ಲಿ ಕೇಳಿಕೊಂಡು ಬಂದಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು. ಪ್ರಭಾ ತೆಗೆದ ಫೋಟೋ ವಾಟ್ಸಾಪಿನಲ್ಲಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿ, ತುರ್ಭೆಯ ಅವರ ಊರಿನವರ ಫೋನಿಗೆ ಬಂದು, ಅಲ್ಲಿಂದ ಹಳ್ಳಿಗೇ ತಲುಪಿತ್ತು. ಹಸಿರು ಘಾಗ್ರಾ, ಮಿರಮಿರ ಚಮಕಿ. ನೋಡಿದವರಿಗೆ ಹೊಸದಲ್ಲದೆ ಇನ್ನೇನು ಕಾಣಿಸೀತು?

"ಅತ್ತಿ ನನ್ನ ಮಕಾ ನೋಡೂದಿಲ್ಲ ಅಂತಾರ್ರೀ. ದ್ಯಾಮವ್ವನ ಮಾತು ಮುರದು, ಹೊಸಾದು ಉಡಿಸಿ, ಕೂಸಿನ್ನ ನಾನ ಕಳಕೊಂಡ್ನಿ ಅಂತ ಊರ ತುಂಬ ಹೇಳ್ಯಾರ. ನಮ್ಮ ಮನಿಯವ್ರೂ ಈಗ ನನ್ನ ಕೂಡ ಮಾತಾಡವಲ್ರು. ನೀವು ಉಟ್ಟಿದ್ರಿಲ್ಲ ಅಕ್ಕಾರ? ಖರೇನ ಉಟ್ಟಿದ್ರಿಲ್ಲ?"

"ಉಟ್ಟಿದ್ದೆ ಮಾರಾಯ್ತಿ. ದೇವರಾಣೆ. ಬೆಳಿಗ್ಗೆಯಿಂದ ಸಂಜೆ ತನಕ."

"ಹಂಗಾದ್ರ ಹೇಳ್ರಿ" ಅಂತ ಅವಳು ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ನನ್ನ ಕೈಗೆ ಕೊಟ್ಟಳು.

ಆ ಕಡೆ ಅವಳ ಅತ್ತೆ, ಮುದುಕಿಯ ದನಿ. ನಾನು ಯಾರು ಅಂತ ಹೇಳಿದೆ. ನನ್ನ ಕರಾವಳಿಯ ಕನ್ನಡ ಅವರಿಗೆ ಪೂರ್ತಿ ಹತ್ತುತ್ತದೋ ಇಲ್ಲವೋ ಅಂತ ನಿಧಾನಕ್ಕೆ, ಒಂದೊಂದೇ ಹೇಳಿದೆ. ಮಾದೇವಿ ಹೇಗೆ ಬೇಡ ಅಂದಳು, ಆಮೇಲೆ ಏನು ಕೇಳಿದಳು. ನಾನು ಉಟ್ಟದ್ದು, ಕೆಲಸ ಮಾಡಿದ್ದು, ಕುದಿಯುವ ನೀರಿನಲ್ಲಿ ಒಗೆದದ್ದು. ಇನ್ನೊಬ್ಬರ ಮಗುವಿಗೆ ತಾಗಬಾರದು ಅಂತ ನಿಮ್ಮ ಸೊಸೆ ನನ್ನ ಕೈ ಹಿಡಿದದ್ದು. "ನಿಮ್ಮ ದೇವಿಗೆ ಕೊಟ್ಟ ಮಾತು ಅವಳು ಮುರಿಯಲಿಲ್ಲಮ್ಮ. ಹೊಸ ನೂಲು ಆ ಮಗುವಿನ ಮೈಮೇಲೆ ಬೀಳಲಿಲ್ಲ. ಬೇಕಾದರೆ ನಾನು ಊರಿಗೇ ಬಂದು, ದ್ಯಾಮವ್ವನ ಮುಂದೆ ನಿಂತು ಹೇಳ್ತೇನೆ" ಅಂದೆ.

ಮಾದೇವಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಮೇಲೆ ಮುದುಕಿ ಕೇಳಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ನನ್ನ ಹತ್ತಿರ ಉತ್ತರ ಇರಬಹುದು ಅನ್ನುವ ಹಾಗೆ ಕೇಳಿದರು.

"ಎಲ್ಲಾ ಸರಿ ಮಾಡೀರಿ ಅಂದ್ರ ಮತ್ತ ಕೂಸು ಯಾಕ ಹೋತ್ರೀ?"

ಮಾದೇವಿಯೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು.